ಕಿವಿ ಮೊದಲು, ಕಣ್ಣು ಆಮೇಲೆ: ಮಗುವಿಗೆ ಕನ್ನಡ ಓದು ಕಲಿಸುವ ಸಮಗ್ರ ಮಾರ್ಗದರ್ಶಿ

ಐದೂವರೆ ವರ್ಷದ ಹುಡುಗಿ. ಅ ಆ ಇ ಈಯಿಂದ ಳವರೆಗೆ ಒಂದೇ ಉಸಿರಿಗೆ ಒಪ್ಪಿಸುತ್ತಿದ್ದಳು. ಯಾವ ಅಕ್ಷರದ ಮೇಲೆ ಬೆರಳಿಟ್ಟರೂ ತಡವರಿಸದೆ ಹೇಳುತ್ತಿದ್ದಳು. ನನಗೂ ಖುಷಿ. ಪುಸ್ತಕದಲ್ಲಿದ್ದ ‘ಬಸವ’ ತೋರಿಸಿ ಓದು ಅಂದೆ.

“ಬ... ಸ... ವ...”

“ಸರಿ ಪುಟ್ಟಿ, ಈಗ ಸೇರಿಸಿ ಹೇಳು.”

“ಬ. ಸ. ವ.”

“ಎಲ್ಲಾ ಒಟ್ಟಿಗೆ?”

ಅವಳು ನನ್ನ ಮುಖ ನೋಡಿದಳು. ಆಮೇಲೆ ಪಕ್ಕದ ಚಿತ್ರ ನೋಡಿದಳು. “ಎತ್ತಾ ಮಿಸ್?”

ಅವಳಿಗೆ ಅಕ್ಷರ ಬರುತ್ತಿತ್ತು, ಓದು ಬರುತ್ತಿರಲಿಲ್ಲ. ಚಿತ್ರ ನೋಡಿ ಅಂದಾಜು ಹೊಡೆಯುವಷ್ಟು ಜಾಣತನವಂತೂ ಇತ್ತು. ತಪ್ಪಿದ್ದು ನನ್ನ ಕಡೆ. ಕಿವಿಗೆ ಏನೂ ಕೊಡದೆ ನೇರ ಕಣ್ಣಿಗೆ ಅಕ್ಷರ ತುಂಬಿದ್ದೆ. ಮೂರರಿಂದ ಏಳು ವರ್ಷದ ಮಕ್ಕಳ ಜೊತೆ ಕೂತು ಕನ್ನಡ ಓದಿಸಬೇಕು ಅಂತಿರುವ ಅಪ್ಪ, ಅಮ್ಮ, ಅಜ್ಜಿ, ಟೀಚರ್ ಯಾರೇ ಆಗಲಿ, ಆ ತಪ್ಪು ಮಾಡದಿರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಶುರು ಮಾಡುವ ಮುಂಚೆ: ‘ಕ’ ಅಂದರೆ ಎಷ್ಟು ಧ್ವನಿ?

ಒಂದು ಅಂತೀರಾ? ಎರಡು. ಕ್ ಮತ್ತು ಅ. ನಮ್ಮ ಒಂದು ಅಕ್ಷರದೊಳಗೆ ಸಾಮಾನ್ಯವಾಗಿ ಒಂದು ವ್ಯಂಜನ, ಒಂದು ಸ್ವರ ಕೂತಿರುತ್ತವೆ. ‘ಸ್ತ್ರೀ’ ಒಂದೇ ಅಕ್ಷರ, ಆದರೆ ಧ್ವನಿ ನಾಲ್ಕು: ಸ್, ತ್, ರ್, ಈ. ಇಂಗ್ಲಿಷಿನಲ್ಲಿ ಹೀಗಿಲ್ಲ. ಅಲ್ಲಿ ಒಂದು ಅಕ್ಷರ ಹೆಚ್ಚುಕಮ್ಮಿ ಒಂದು ಬಿಡಿ ಧ್ವನಿಯನ್ನು ಹಿಡಿಯಲು ನೋಡುತ್ತದೆ.

ಇದು ಬರೀ ವ್ಯಾಕರಣದ ಮಾತಲ್ಲ. ಈಗ ಎಲ್ಲೆಲ್ಲೂ ಫೋನಿಕ್ಸ್, ಅಂದರೆ ಬಿಡಿ ಧ್ವನಿಗಳನ್ನು ಕೂಡಿಸಿ ಇಂಗ್ಲಿಷ್ ಓದಿಸುವ ವಿಧಾನದ ಮಾತು ಜಾಸ್ತಿ. ಅದೇ ಪಾಠವನ್ನು ಎತ್ತಿ ತಂದು ಕನ್ನಡಕ್ಕೆ ಹಚ್ಚಿ, ಮೂರು ವರ್ಷದ ಮಗುವಿಗೆ “ಕ್, ಅ, ಮ್, ಅ, ಲ್, ಅ” ಅಂತ ಶುರು ಮಾಡುವವರನ್ನು ನೋಡಿದ್ದೇನೆ. ಮಗು ಕಂಗಾಲಾಗುತ್ತದೆ. ಕನ್ನಡದ ಮಗುವಿನ ಕಿವಿಗೆ ಮೊದಲು ಸಿಗುವುದು ಕ-ಮ-ಲ ಎಂಬ ಮೂರು ತುಂಡು. ಅಲ್ಲಿಂದಲೇ ಹೊರಡಿ. ಅಕ್ಷರವನ್ನೂ ಒಡೆದು ಬಿಡಿ ಧ್ವನಿಗೆ ಇಳಿಯುವ ಕೆಲಸ ಆಮೇಲೆ ಬರುತ್ತದೆ. ಎಲ್ಲಿ ಅಂತ ಮುಂದೆ ಹೇಳುತ್ತೇನೆ.

ಹಂತ 1: ಪುಸ್ತಕ ಮುಚ್ಚಿಡಿ, ಕಿವಿ ತೆರೆಯಲಿ

ಹುಟ್ಟಿದ ಮಗುವಿನ ಕಿವಿ ನಮ್ಮದಕ್ಕಿಂತ ಚುರುಕು. ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಎಂಬ ಸಂಶೋಧಕರು 1984ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಹೆಸರುವಾಸಿ. ಇಂಗ್ಲಿಷ್ ಮಾತಾಡುವ ಮನೆಯ ಆರೇಳು ತಿಂಗಳ ಕೂಸುಗಳು ಹಿಂದಿಯ ಟ ಮತ್ತು ತ ಬೇರೆ ಬೇರೆ ಅಂತ ಗುರುತಿಸಿದವು. ವರ್ಷ ತುಂಬುವ ಹೊತ್ತಿಗೆ ಹೆಚ್ಚಿನ ಕೂಸುಗಳಿಗೆ ಅದು ಆಗಲಿಲ್ಲ. ಮನೆಯಲ್ಲಿ ಕೇಳದ ವ್ಯತ್ಯಾಸವನ್ನು ಕಿವಿ ಕೈಬಿಡುತ್ತದೆ. ಕನ್ನಡದ ಮನೆಯಲ್ಲಿ ‘ಮುಟ್ಟು’ ಬೇರೆ, ‘ಮುತ್ತು’ ಬೇರೆ. ಹಾಗಾಗಿ ನಮ್ಮ ಮಕ್ಕಳಿಗೆ ಈ ಆಸ್ತಿ ಆಗಲೇ ಬಂದಿರುತ್ತದೆ. ಅದು ಇದೆ ಅಂತ ಅವರ ಗಮನಕ್ಕೆ ತರುವುದಷ್ಟೇ ನಮ್ಮ ಕೆಲಸ.

ದಿನಕ್ಕೆ ಐದು-ಹತ್ತು ನಿಮಿಷ ಸಾಕು. ಕಾಗದ ಬೇಡ, ಪೆನ್ಸಿಲ್ ಬೇಡ. ಆಟಗಳು ಹೀಗೆ ಒಂದಾದ ಮೇಲೊಂದು ಬರಲಿ.

ಮೊದಲು ಚಪ್ಪಾಳೆ. ‘ಮರ’ ಅಂದರೆ ಎರಡು ತಟ್ಟು, ‘ಕಿಟಕಿ’ ಅಂದರೆ ಮೂರು. ಮಗುವಿನ ಹೆಸರು, ಮನೆಯವರ ಹೆಸರು, ಕಣ್ಣಿಗೆ ಬಿದ್ದ ವಸ್ತು ಎಲ್ಲವನ್ನೂ ತಟ್ಟಿ. ಆಮೇಲೆ ಮೊದಲ ಅಕ್ಷರದ ಬೇಟೆ: “ಮ ಇಂದ ಶುರುವಾಗೋದು ಏನೇನಿದೆ ಇಲ್ಲಿ?” ಮುಂದಿನದು ಕೊನೆಯ ಅಕ್ಷರ. ಅಂತ್ಯಾಕ್ಷರಿಯ ಜೀವವೇ ಇದು. ಹಾಡೇ ಬೇಕಿಲ್ಲ, ಪದಗಳಲ್ಲೇ ಆಡಿ. ಮರ, ರವಿ, ವಿಷಯ, ಯಜಮಾನ... ಹೀಗೆ.

ಆಮೇಲೆ ಕಳ್ಳನ ಆಟ. “ಕಮಲದಿಂದ ಕ ಕದ್ದೆ. ಏನುಳಿಯಿತು?” “ಮಲ!” ಮಗು ಬಿದ್ದು ಬಿದ್ದು ನಗುತ್ತದೆ. ನಗಲಿ ಬಿಡಿ. ಕದಿಯುವ ಆಟ ಬಂದ ಮಗುವಿಗೆ ಸೇರಿಸುವ ಆಟ ಕಷ್ಟವಲ್ಲ. “ನಾನು ರೋಬೋಟ್. ಬಿಡಿಸಿ ಬಿಡಿಸಿ ಮಾತಾಡ್ತೀನಿ. ಬಾ... ಗಿ... ಲು. ಏನಂದೆ?” ನನ್ನ ಆ ಹುಡುಗಿಗೆ ಬೇಕಾಗಿದ್ದದ್ದು ಇದೊಂದೇ ಆಟ. ಎರಡು ವಾರ ಆಡಿದ ಮೇಲೆ ‘ಬಸವ’ ತಾನಾಗಿ ಬಂತು.

ಹಂತ 2: ಬಾಯಿಯೇ ನಕ್ಷೆ

ವರ್ಣಮಾಲೆಯನ್ನು ಗೋಡೆಗೆ ಅಂಟಿಸಿ ಬಾಯಿಪಾಠ ಮಾಡಿಸುತ್ತೇವೆ. ಅದು ಬಾಯಿಯ ನಕ್ಷೆ ಅನ್ನುವುದು ಎಷ್ಟೋ ದೊಡ್ಡವರಿಗೇ ಹೊಳೆದಿರುವುದಿಲ್ಲ. ಇವತ್ತು ಬಳಕೆಯಲ್ಲಿರುವ 49 ಅಕ್ಷರಗಳಲ್ಲಿ 13 ಸ್ವರ, 2 ಯೋಗವಾಹ, 34 ವ್ಯಂಜನ. ಅದರಲ್ಲಿ 25 ವರ್ಗೀಯ ವ್ಯಂಜನಗಳು ಐದು ಸಾಲಿನಲ್ಲಿ ನಿಂತಿವೆ. ಸಾಲುಗಳು ಗಂಟಲ ಕಡೆಯಿಂದ ತುಟಿಯ ಕಡೆಗೆ ಬರುತ್ತವೆ. ಕ ಅನ್ನುವಾಗ ನಾಲಿಗೆಯ ಬುಡ ಮೇಲೇಳುತ್ತದೆ. ಚ ಅನ್ನುವಾಗ ನಡುಭಾಗ ಅಂಗುಳಕ್ಕೆ ತಾಗುತ್ತದೆ. ಟಗೆ ನಾಲಿಗೆಯ ತುದಿ ಮೇಲಕ್ಕೆ ಮಡಚುತ್ತದೆ, ತಗೆ ಅದೇ ತುದಿ ಮೇಲ್ಹಲ್ಲಿನ ಹಿಂದೆ ಬರುತ್ತದೆ. ಪಗೆ ನಾಲಿಗೆಯ ಕೆಲಸವೇ ಇಲ್ಲ, ಎರಡು ತುಟಿ ಸೇರಿದರೆ ಆಯಿತು. ಕ ಚ ಟ ತ ಪ ಅಂತ ನಿಧಾನವಾಗಿ ಹೇಳಿ ನೋಡಿ. ಬಾಯೊಳಗೆ ಏನೋ ಮುಂದಕ್ಕೆ ನಡೆದು ಬಂದ ಹಾಗಾಗುತ್ತದೆ, ಅಲ್ವಾ?

ಇದನ್ನು ಮಗುವಿಗೆ ಪಾಠ ಮಾಡಬೇಡಿ. ಒಂದು ಕನ್ನಡಿ ಕೊಡಿ. “ಯಾವುದಕ್ಕೆ ತುಟಿ ಮುಚ್ಚಿತು?” ಅಂತ ಕೇಳಿ. ಪ, ಬ, ಮ ಮೂರನ್ನೂ ಅದೇ ಕಂಡುಹಿಡಿಯುತ್ತದೆ. ಕಾಗದದ ಸಣ್ಣ ಪಟ್ಟಿಯನ್ನು ಬಾಯ ಮುಂದೆ ಹಿಡಿದು ಒಮ್ಮೆ ಪ, ಒಮ್ಮೆ ಉಸಿರು ತುಂಬಿ ‘ಫಲ’ದ ಫ ಹೇಳಿಸಿ. ಪಟ್ಟಿ ಯಾವಾಗ ಜಾಸ್ತಿ ಹಾರುತ್ತದೆ ನೋಡಲಿ. ಅಲ್ಪಪ್ರಾಣ, ಮಹಾಪ್ರಾಣ ಅನ್ನುವ ಹೆಸರಿನ ಅರ್ಥ ಅಷ್ಟೇ. ಇನ್ನು ನನಗೆ ತುಂಬಾ ಇಷ್ಟದ ಪ್ರಯೋಗ: ಮೂಗು ಗಟ್ಟಿಯಾಗಿ ಹಿಡಿದುಕೊಂಡು ‘ಅಮ್ಮ’ ಅನ್ನಿ. ‘ಅಬ್ಬ’ ಆಗುತ್ತದೆ! ಮ ಅನ್ನುವಾಗ ಗಾಳಿ ಮೂಗಿನಿಂದ ಹೋಗಬೇಕು. ದಾರಿ ಮುಚ್ಚಿದರೆ ಬ ಆಗದೆ ಬೇರೆ ಗತಿಯಿಲ್ಲ. ನೆಗಡಿಯಾದಾಗ ನಮ್ಮ ಮಾತು ಕೆಡುವುದೂ ಇದಕ್ಕೇ.

ಉಚ್ಚಾರದ ತಪ್ಪುಗಳ ಬಗ್ಗೆ ಎರಡು ಮಾತು. ಪ, ಮ, ಬ ಬೇಗ ಬರುತ್ತವೆ. ರ, ಳ, ಷ ತಡವಾಗುತ್ತವೆ. ನಾಲ್ಕು ವರ್ಷದ ಮಗು ‘ಮರ’ಕ್ಕೆ ‘ಮಲ’ ಅಂದರೆ ಗಾಬರಿ ಬೇಡ. “ರ ಅನ್ನು, ರ ಅನ್ನು” ಅಂತ ಹಿಂಸೆಯೂ ಬೇಡ. “ಹೌದು, ದೊಡ್ಡ ಮರ” ಅಂತ ಸರಿಯಾಗಿ ತಿರುಗಿ ಹೇಳಿ ಮುಂದೆ ಹೋಗಿ. ಬೇಕಿದ್ದರೆ ‘ಕಾಗೆ ಪುಕ್ಕ ಗುಬ್ಬಿ ಪುಕ್ಕ’ದಂಥ ನಾಲಿಗೆ ಹೊರಳಿಸುವ ಆಟ ಆಡಿ. ದೊಡ್ಡವರೂ ತಪ್ಪುತ್ತಾರೆ ಅನ್ನುವುದೇ ಮಗುವಿಗೆ ಧೈರ್ಯ. ಮನೆಮಾತಿನಲ್ಲಿ ‘ಹಾಲು’ ‘ಆಲು’ ಆಗುತ್ತಿದ್ದರೆ ಅದು ಆ ಮನೆಯ ನುಡಿ, ಮಗುವಿನ ದೋಷವಲ್ಲ. ಬರೆಯುವಾಗ ಹ ಬರೆಯುತ್ತೇವೆ ಅಂತ ಹೇಳಿಕೊಟ್ಟರೆ ಸಾಕು. ನಾಲ್ಕು ವರ್ಷ ತುಂಬಿದ ಮೇಲೂ ಹೊರಗಿನವರಿಗೆ ಮಾತು ಬಹುಪಾಲು ಅರ್ಥವಾಗದಿದ್ದರೆ, ಕರೆದರೆ ತಿರುಗದಿದ್ದರೆ ಮಾತ್ರ ಕಾಯಬೇಡಿ. ಮೊದಲು ಕಿವಿಯ ಪರೀಕ್ಷೆ, ಆಮೇಲೆ ಸ್ಪೀಚ್ ಥೆರಪಿಸ್ಟ್.

ಹಂತ 3: ಕಡಿಮೆ ಅಕ್ಷರ, ಜಾಸ್ತಿ ಪದ

ಅ ಆ ಇ ಈ ಇಂದಲೇ ಶುರು ಮಾಡಬೇಕು ಅಂತ ನಿಯಮವಿಲ್ಲ. ಹದಿಮೂರು ಸ್ವರ ಕಲಿತು ಮುಗಿಸಿದರೂ ಮಗು ಓದಬಹುದಾದ ಪದ ಒಂದೋ ಎರಡೋ. ಸರ್ಕಾರಿ ಶಾಲೆಗಳಲ್ಲಿ ಚಿಕ್ಕ ಮಕ್ಕಳಿಗೆ ಚಟುವಟಿಕೆಯಿಂದ ಕಲಿಸುವ ನಲಿ-ಕಲಿ ತರಗತಿಗಳಲ್ಲಿ ‘ರ ಗ ಸ ದ ಅ’ ಇಂದ ಶುರುವಾಗುವುದನ್ನು ನೋಡಿರುತ್ತೀರಿ. ಅದರ ಹಿಂದಿನ ಲೆಕ್ಕ ಚೆನ್ನಾಗಿದೆ. ಈ ಐದರಲ್ಲೇ ಸರ, ರಸ, ದರ, ಅರಸ, ಅಗಸ, ಸರಸರ, ಗರಗರ ಎಲ್ಲಾ ಬರುತ್ತವೆ. ಇದಕ್ಕೆ ಜ ವ ಮ ಬ ನ ಸೇರಿಸಿದರೆ ಮರ, ಜನ, ದನ, ನಗರ, ಗಮನ, ಬಸವ, ಅವಸರ. ಹತ್ತು ಅಕ್ಷರಕ್ಕೆ ಇಷ್ಟು ಪದ! ಮೊದಲ ವಾರವೇ ‘ನಾನು ಓದಿದೆ’ ಅನ್ನುವ ಖುಷಿ ಸಿಕ್ಕಿದರೆ ಮಿಕ್ಕಿದ್ದಕ್ಕೆ ಮಗುವೇ ಹಟ ಮಾಡುತ್ತದೆ.

ಅಕ್ಷರಗಳನ್ನು ಸಣ್ಣ ಕಾರ್ಡುಗಳ ಮೇಲೆ ದೊಡ್ಡದಾಗಿ ಬರೆದುಕೊಳ್ಳಿ. ದಿನಕ್ಕೆ ಒಂದು, ಹೆಚ್ಚೆಂದರೆ ಎರಡು ಹೊಸದು. ಕೂಡಿಸಿ ಓದಿಸುವಾಗ ಕಾರ್ಡುಗಳನ್ನು ದೂರ ಇಟ್ಟು ಓದಿಸಿ, ಆಮೇಲೆ ಹತ್ತಿರ ತಳ್ಳಿ, ಕೊನೆಗೆ ಅಂಟಿಸಿ ಇಡಿ. ಕಾರ್ಡು ಹತ್ತಿರವಾದ ಹಾಗೆ ಬಾಯಿಯೂ ವೇಗವಾಗಲಿ. ಬೆರಳು ಎತ್ತದೆ ಕೆಳಗೆ ಜಾರಿಸುತ್ತಾ ಹೋಗಲಿ. ಪದದ ಚಿತ್ರವನ್ನು ಓದಿದ ಮೇಲೆ ತೋರಿಸಿ, ಮುಂಚೆ ತೋರಿಸಬೇಡಿ. ಇಲ್ಲದಿದ್ದರೆ ನನ್ನ ‘ಎತ್ತು’ ನಿಮಗೂ ಸಿಗುತ್ತದೆ.

ಒಂದೇ ತರ ಕಾಣುವ ಅಕ್ಷರಗಳನ್ನು ಒಂದೇ ದಿನ ಕಲಿಸಬೇಡಿ. ದ-ಧ, ಡ-ಢ, ರ-ಠ, ವ-ಮ, ಪ-ಷ. ಒಂದು ಗಟ್ಟಿಯಾಗಿ ನಿಂತ ಮೇಲೆ ಇನ್ನೊಂದು ಬರಲಿ. ಆಗ “ಇವೆರಡರಲ್ಲಿ ಏನು ವ್ಯತ್ಯಾಸ, ನೀನೇ ಹುಡುಕು” ಅನ್ನಿ.

ಹಂತ 4: ಗುಣಿತ, ಇಲ್ಲಿ ಒಡೆಯಿರಿ

ಮುಂದೆ ಹೇಳುತ್ತೇನೆ ಅಂದಿದ್ದೆನಲ್ಲ, ಬಿಡಿ ಧ್ವನಿಗೆ ಇಳಿಯುವ ಜಾಗ ಇದೇ. 34 ವ್ಯಂಜನಕ್ಕೆ 13 ಸ್ವರ ಸೇರಿದರೆ 442 ರೂಪ. ಇಷ್ಟನ್ನೂ ಬಾಯಿಪಾಠದಿಂದ ಗೆಲ್ಲಲು ಹೋಗುವುದು ದಡ್ಡತನ. ಕ ಕಾ ಕಿ ಕೀ ರಾಗ ಕೇಳಲು ಚೆಂದ. ಆದರೆ ರಾಗದ ನಡುವಿನಿಂದ ‘ಕೇ’ ಒಂದನ್ನೇ ಎತ್ತಿ ಕೇಳಿದರೆ ಎಷ್ಟೋ ಮಕ್ಕಳು ಮತ್ತೆ ಕ ಇಂದ ಹಾಡಿಕೊಂಡು ಬರಬೇಕಾಗುತ್ತದೆ.

ಅಡ್ಡ ಸಾಲು ಬಿಟ್ಟು ಕಂಬಸಾಲು ಹಿಡಿಯಿರಿ. ಮೊದಲು ಇಳಿ ಒಂದೇ: ಕಾ, ಗಾ, ಮಾ, ನಾ, ರಾ. “ಬಾಲ ಬಂದರೆ ಬಾಯಿ ದೊಡ್ಡದಾಗಿ ತೆರೆಯುತ್ತದೆ” ಅಷ್ಟೇ ನಿಯಮ. ಮಗುವಿಗೆ ಗೊತ್ತಿರುವ ಎಲ್ಲಾ ಅಕ್ಷರಕ್ಕೂ ಇಳಿ ಹಚ್ಚಿ ಓದಿಸಿ. ಅದು ಸಲೀಸಾದ ಮೇಲೆ ಗುಡಿಸು, ಆಮೇಲೆ ಕೊಂಬು, ಏತ್ವ. ಪ್ರತಿ ಚಿಹ್ನೆಗೂ ಕೆಲವು ದಿನ ಕೊಡಿ. ಹ್ರಸ್ವ-ದೀರ್ಘಕ್ಕೆ ಜೋಡಿ ಪದಗಳೇ ಗುರು: ಮರ-ಮಾರ, ಕರು-ಕಾರು, ಬರಿ-ಬಾರಿ, ಹಳೆ-ಹಾಳೆ. ದೀರ್ಘಕ್ಕೆ ಕೈ ಅಗಲಿಸಲಿ, ಹ್ರಸ್ವಕ್ಕೆ ಚಿಟಿಕೆ ಹೊಡೆಯಲಿ.

ಈಗ ಗುಂಡಿಗಳನ್ನು ತನ್ನಿ. ಸೋವಿಯತ್ ಮನಶ್ಶಾಸ್ತ್ರಜ್ಞ ದಾನೀಲ್ ಎಲ್ಕೋನಿನ್ ಮಕ್ಕಳಿಗೆ ಒಂದೊಂದು ಧ್ವನಿಗೆ ಒಂದೊಂದು ಮನೆ ಗೀಚಿ, ಹೇಳುತ್ತಾ ಹೇಳುತ್ತಾ ಮನೆಯೊಳಗೆ ಬಿಲ್ಲೆ ಇಡಿಸುತ್ತಿದ್ದರು. ಕನ್ನಡಕ್ಕೆ ಇದನ್ನು ಸ್ವಲ್ಪ ತಿದ್ದಿಕೊಳ್ಳಬೇಕು. ‘ಸರಿ’ಗೆ ಎರಡು ದೊಡ್ಡ ಮನೆ ಬರೆಯಿರಿ, ಸ ಮತ್ತು ರಿ. ಒಂದೊಂದು ಮನೆಯೊಳಗೆ ಎರಡು ಗುಂಡಿ: ವ್ಯಂಜನಕ್ಕೆ ನೀಲಿ, ಸ್ವರಕ್ಕೆ ಕೆಂಪು. ಸ್-ಅ, ರ್-ಇ. ಈಗ ಎರಡನೇ ಮನೆಯ ಕೆಂಪು ಗುಂಡಿ ಬದಲಿಸಿ. “ಇ ಹೋಗಿ ಅ ಬಂತು. ಏನಾಯಿತು?” “ಸರ!” ನೀಲಿ ಬದಲಿಸಿದರೆ? ರ್ ಹೋಗಿ ಮ್ ಬಂದರೆ ‘ಸಮ’. ಅಕ್ಷರದೊಳಗೆ ಎರಡು ಪಾಲಿದೆ, ಒಂದನ್ನು ಮುಟ್ಟದೆ ಇನ್ನೊಂದನ್ನು ಬದಲಿಸಬಹುದು ಅನ್ನುವುದು ಹೊಳೆದ ದಿನ ಗುಣಿತದ ಬೆಟ್ಟ ಕರಗುತ್ತದೆ.

ಕೆಲವು ರೂಪಗಳು ತಂಟೆ ಮಾಡುತ್ತವೆ. ‘ಕೋ’ ನೋಡಿ: ಮೇಲೊಂದು ಏತ್ವ, ಪಕ್ಕದಲ್ಲಿ ಕೊಂಬು, ಅದರ ಮುಂದೆ ದೀರ್ಘ. ಮೂರು ಗುರುತಿಗೆ ಒಂದೇ ಸ್ವರ. ‘ವು’ ಅನ್ನುವಾಗ ಕೊಂಬು ಕೆಳಗಿಳಿಯುತ್ತದೆ. ಪಕ್ಕದಲ್ಲಿ ಬರೆದರೆ ‘ಮ’ ಆಗಿಬಿಡುತ್ತದಲ್ಲ! ಇಂಥವನ್ನು ತಮಾಷೆಯಾಗಿ ಹೇಳಿದರೆ ಮರೆಯುವುದಿಲ್ಲ.

ಹಂತ 5: ಒತ್ತು, ಅವಸರ ಬೇಡ

ಮೊದಲು ಅದೇ ಅಕ್ಷರಕ್ಕೆ ಅದೇ ಒತ್ತು. ಕಿವಿಯಿಂದಲೇ ಶುರು: ಕತೆ-ಕತ್ತೆ, ಮಗ-ಮಗ್ಗ, ಬಲೆ-ಬಲ್ಲೆ. “ನಾನೊಂದು ಕತ್ತೆ ಹೇಳಲಾ?” ಅಂತ ಕೇಳಿ ನೋಡಿ, ಮಗು ನಿಮ್ಮನ್ನೇ ತಿದ್ದುತ್ತದೆ. ಕ, ಗ, ಚ, ಟ ಮುಂತಾದವುಗಳ ಒತ್ತು ಹೆಚ್ಚುಕಮ್ಮಿ ಮೂಲ ಅಕ್ಷರದ ಮರಿಯಂತೆ ಕಾಣುತ್ತದೆ. ತ, ನ, ಮ, ಯ, ರ, ಲ ಈ ಆರರದ್ದು ಹಾಗಲ್ಲ, ಬೇರೆಯೇ ವೇಷ. ಇವಕ್ಕೆ ಪ್ರತ್ಯೇಕ ಕಾರ್ಡು ಮಾಡಿ. ಅತ್ತ, ಅನ್ನ, ಅಮ್ಮ, ಅಯ್ಯ, ಅಲ್ಲ ಇಂಥ ಚಿಕ್ಕ ಪದಗಳಲ್ಲೇ ತೋರಿಸಿ.

ಆಮೇಲೆ ಬೇರೆ ಅಕ್ಷರದ ಒತ್ತು. ಇಲ್ಲಿ ಕಣ್ಣು ಮೋಸ ಮಾಡುತ್ತದೆ. ‘ಶಕ್ತಿ’ಯಲ್ಲಿ ಗುಡಿಸು ಇರುವುದು ಕ ಮೇಲೆ. ಸ್ವರ ಕೇಳಿಸುವುದು ಮಾತ್ರ ಕೆಳಗಿನ ತ ಆದ ಮೇಲೆ. ಅದಕ್ಕೇ ಮಕ್ಕಳು ‘ಶಕಿತ’ ಅಂತ ಓದುವುದು. ಕಣ್ಣಿಗೆ ಕಂಡದ್ದನ್ನು ಪ್ರಾಮಾಣಿಕವಾಗಿ ಓದಿದ್ದಾರೆ ಪಾಪ. “ಮೇಲಿನವನು ಅರ್ಧ, ಕೆಳಗಿನವನು ಪೂರ್ತಿ, ಸ್ವರ ಕೊನೆಗೆ” ಅಂತ ಹೇಳಿಕೊಡಿ. ಅರ್ಕಾವತ್ತು ಎಲ್ಲಕ್ಕಿಂತ ಕೊನೆಗೆ ಬರಲಿ. ‘ಸೂರ್ಯ’ದಲ್ಲಿ ಆಮೇಲೆ ಬರೆದ ರ್ ಅನ್ನು ಮೊದಲು ಓದಬೇಕು. ಅದಕ್ಕೆ ಮಗು ಸ್ವಲ್ಪ ಪಳಗಿರಬೇಕು.

ಒಂದನೇ ಕ್ಲಾಸಿಗೇ ಎಲ್ಲಾ ಬರಬೇಕು ಅನ್ನುವ ಆಸೆ ಬಿಡಿ. ಕನ್ನಡದ ಮಕ್ಕಳ ಮೇಲೆ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಇದೇ ಕಂಡಿತು. ಅಕ್ಷರ ಪೂರ್ತಿ ಕೈಗೆ ಹತ್ತಲು ಇಂಗ್ಲಿಷಿನಂಥ ಬರವಣಿಗೆಗಿಂತ ಇಲ್ಲಿ ಹೆಚ್ಚು ಕಾಲ ಹಿಡಿಯುತ್ತದೆ, ಬಿಡಿ ಧ್ವನಿಗಳ ಅರಿವೂ ನಿಧಾನವಾಗಿ ಮೂಡುತ್ತದೆ. ಪಕ್ಕದ ಮನೆಯ ಮಗು ಇಂಗ್ಲಿಷ್ ಅಕ್ಷರ ಬೇಗ ಮುಗಿಸಿತು ಅಂತ ನಿಮ್ಮ ಮಗುವನ್ನು ಅಳೆಯಬೇಡಿ.

ಹಂತ 6: ಓದಿದ್ದು ಅರ್ಥವಾಗಬೇಕಲ್ಲ

ಫಿಲಿಪ್ ಗಫ್ ಮತ್ತು ವಿಲಿಯಂ ಟನ್ಮರ್ ಎಂಬ ಸಂಶೋಧಕರು 1986ರಲ್ಲಿ ಓದಿಗೆ ಒಂದು ಸರಳ ಲೆಕ್ಕ ಕೊಟ್ಟರು. ಅಕ್ಷರ ಬಿಡಿಸುವ ಶಕ್ತಿಯನ್ನು ಮಾತು ಅರ್ಥವಾಗುವ ಶಕ್ತಿಯಿಂದ ಗುಣಿಸಿದರೆ ಬರುವುದೇ ಓದು. ಇದು ಕೂಡುವ ಲೆಕ್ಕವಲ್ಲ. ಒಂದು ಸೊನ್ನೆಯಾದರೆ ಉತ್ತರವೂ ಸೊನ್ನೆ.

ಕನ್ನಡದಲ್ಲಿ ಇನ್ನೊಂದು ತೊಡಕಿದೆ. ಮಗು ಆಡುವುದು ‘ಹೋಗ್ತಾನೆ’, ‘ಮನೇಲಿ’. ಪುಸ್ತಕದಲ್ಲಿರುವುದು ‘ಹೋಗುತ್ತಾನೆ’, ‘ಮನೆಯಲ್ಲಿ’. ಮಗುವಿನ ಪಾಲಿಗೆ ಅದು ಅರ್ಧ ಬೇರೆ ಭಾಷೆ. ಅಕ್ಷರ ಕಲಿಯುವ ಮೊದಲೇ ದಿನವೂ ಪುಸ್ತಕದಿಂದ ಗಟ್ಟಿಯಾಗಿ ಓದಿ ಹೇಳಿ. ಇದ್ದ ಹಾಗೇ ಓದಿ. ಆಮೇಲೆ ನಿಮ್ಮ ಮನೆಮಾತಿನಲ್ಲಿ ಅದೇ ಕತೆ ಹೇಳಿಸಿ. ಎರಡು ಕನ್ನಡವೂ ಕಿವಿಗೆ ಬಿದ್ದ ಮಗು ‘ಹೋಗು...’ ಅಂತ ಓದುತ್ತಿರುವಾಗಲೇ ‘ತ್ತಾನೆ’ ಬರುತ್ತದೆ ಅಂತ ಊಹಿಸುತ್ತದೆ.

ಓದುವಾಗ ಪರೀಕ್ಷೆ ಮಾಡಬೇಡಿ. “ನರಿಯ ಬಣ್ಣ ಯಾವುದು?” ಅನ್ನುವ ಪ್ರಶ್ನೆ ಒಂದು ಪದದಲ್ಲಿ ಮುಗಿಯುತ್ತದೆ. “ನರಿ ಯಾಕೆ ಸುಮ್ನೆ ನಿಂತಿದೆ?” ಅನ್ನುವುದು ಮುಗಿಯುವುದಿಲ್ಲ.

ಹಂತ 7: ಕಿಡಿಗೇಡಿ ಪದಗಳು

ಸೃಜನಶೀಲತೆ ಅಂದರೆ ಬಣ್ಣ, ಕತ್ತರಿ, ಅಂಟು ಅಂತ ಪ್ರತ್ಯೇಕ ಪೀರಿಯಡ್ ಮಾಡಿಬಿಡುತ್ತೇವೆ. ಓದು ಕಲಿಯುವ ಮೇಜಿನ ಮೇಲೇ ಅದು ಇದೆ. ಜೆ. ಪಿ. ಗಿಲ್ಫರ್ಡ್ ಎಂಬ ಮನಶ್ಶಾಸ್ತ್ರಜ್ಞ ಯೋಚನೆಯಲ್ಲಿ ಎರಡು ಬಗೆ ಗುರುತಿಸಿದರು. ಒಂದು, ಒಂದೇ ಸರಿ ಉತ್ತರದ ಕಡೆ ಹೋಗುವುದು. ಇನ್ನೊಂದು, ಒಂದು ಪ್ರಶ್ನೆಯಿಂದ ಹತ್ತು ದಿಕ್ಕಿಗೆ ಹರಡುವುದು. ಒಂದು ಇಟ್ಟಿಗೆಯಿಂದ ಏನೇನು ಮಾಡಬಹುದು ಅನ್ನುವ ಹೆಸರಾದ ಪ್ರಶ್ನೆ ಎರಡನೇ ಬಗೆಯದು. ಅಕ್ಷರ ಬಿಡಿಸಲು ಮೊದಲನೆಯದು ಬೇಕು. ಬಿಡಿಸಿದ್ದರ ಜೊತೆ ಬದುಕಲು ಎರಡನೆಯದೂ ಬೇಕು.

ಮಕ್ಕಳು ಇದರಲ್ಲಿ ಹುಟ್ಟಾ ನಿಪುಣರು. ಜೀನ್ ಬರ್ಕೊ ಎಂಬ ಸಂಶೋಧಕಿ 1958ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಗ್ಲಿಷಿನಲ್ಲಿ ಇಲ್ಲದ, ಕಟ್ಟಿದ ಪದ ಹೇಳಿ ಅದರ ಬಹುವಚನ ಕೇಳಿದರು. ಎಷ್ಟೋ ಪದಗಳಿಗೆ ಹೆಚ್ಚಿನ ಮಕ್ಕಳು ಸರಿಯಾಗಿ ಹೇಳಿದರು. ನೀವೂ ಮಾಡಿ ನೋಡಿ. “ಅವನು ದಿನಾ ಗುಬುಕುತ್ತಾನೆ. ನಿನ್ನೆ ಏನು ಮಾಡಿದ?” “ಗುಬುಕಿದ!” ಯಾರೂ ಕಲಿಸಿಲ್ಲ, ಎಲ್ಲೂ ಕೇಳಿಲ್ಲ. ನಿಯಮ ತಲೆಯೊಳಗಿದೆ. ಗುಬುಕುವುದು ಅಂದರೆ ಏನು ಅಂತ ಕೇಳಿ, ಚಿತ್ರ ಬರೆಸಿ. ಕಾಗುಣಿತ ತಪ್ಪಿದ್ದರೂ ಅಡಿಯಲ್ಲಿ ಅದೇ ಬರೆಯಲಿ. ಕೇಳಿದ ಧ್ವನಿಯನ್ನು ತಾನೇ ಅಕ್ಷರಕ್ಕೆ ಇಳಿಸಲು ನೋಡುವುದು ಒಳ್ಳೆಯ ಅಭ್ಯಾಸ. ಕೆಂಪು ಪೆನ್ನು ಇನ್ನೊಂದು ದಿನಕ್ಕಿರಲಿ.

ನನ್ನ ತರಗತಿಯಲ್ಲಿ ಎಲ್ಲಕ್ಕಿಂತ ಓಡಿದ ಆಟ ಪದಗಳ ಸರಪಳಿ. ಒಂದು ಸಲಕ್ಕೆ ಒಂದೇ ಧ್ವನಿ ಬದಲಿಸಬೇಕು. ಮರ, ಬರ, ಬರಿ, ಗರಿ, ಗುರಿ, ಕುರಿ, ಹುರಿ, ಹುಲಿ. ಏಳು ಹೆಜ್ಜೆಗೆ ಮರ ಹುಲಿಯಾಯಿತು. ಪ್ರತಿ ಹೆಜ್ಜೆಯಲ್ಲೂ ನೀಲಿ ಬದಲಾಯಿತೋ ಕೆಂಪೋ ಅಂತ ಮಗು ಹೇಳಬೇಕು. ಆಮೇಲೆ ಆ ಪದಗಳನ್ನೇ ಇಟ್ಟುಕೊಂಡು ಕತೆ ಕಟ್ಟಬೇಕು. ಅರ್ಥವಿಲ್ಲದ ಪದ ಬಂದರೆ ಆಟ ನಿಲ್ಲಿಸಬಾರದು. ಹೇಳಿದವರು ಅರ್ಥ ಕೊಡಬೇಕು ಅಂತ ನಿಯಮ.

ಬಸವನನ್ನು ಎತ್ತು ಅಂದಿದ್ದ ಹುಡುಗಿಗೆ ಆಗ ಆರು ತುಂಬಿತ್ತು. ಹುಲಿಯ ಮುಂದೆ ‘ಹುಪಿ’ ಬರೆದಳು. ಪಕ್ಕದ ಹುಡುಗ, “ಅಂಥದ್ದು ಇಲ್ವೇ ಇಲ್ಲ ಮಿಸ್” ಅಂತ ತಕರಾರು ತೆಗೆದ.

“ಹುಪಿ ಅಂದ್ರೇನೇ ಪುಟ್ಟಿ?”

“ಹುಲಿಗೆ ಕೋಪ ಬಂದಾಗ ಬಾಲ ನೆಟ್ಟಗೆ ನಿಲ್ಲುತ್ತಲ್ಲ ಮಿಸ್, ಅದು.”

ಮಾರನೇ ದಿನದಿಂದ ತರಗತಿಯಲ್ಲಿ ಯಾರು ಸಿಟ್ಟಾದರೂ, “ಮಿಸ್, ಅವನಿಗೆ ಹುಪಿ ಬಂತು” ಅಂತ ಶುರುವಾಯಿತು.